ಚನ್ನರಾಯಪಟ್ಟಣ ಹೋಬಳಿ: ಗೋದಾಮಿನಲ್ಲಿ ಯು.ಡಬ್ಲ್ಯು.ಬಿ. (ಅಲ್ಟ್ರಾ-ವೈಡ್‌ಬ್ಯಾಂಡ್) ಟ್ಯಾಗ್ ಜಾಲ ಹಾಕುವವರಿಗೆ

ಫೋರ್ಕ್‌ಲಿಫ್ಟ್ ಗಂಟೆಗೆ 10 ಕಿ.ಮೀ. ವೇಗದಲ್ಲಿದ್ದರೆ ಸೆಕೆಂಡಿಗೆ 2.8 ಮೀಟರ್ ಮುಂದೆ ಬರುತ್ತದೆ. ಹಮಾಲಿ ಎಲ್ಲಿದ್ದಾನೆಂದು ತಿಳಿಸುವ ಟ್ಯಾಗಿನ ಸರದಿ (ಸಿಗ್ನಲ್ ಕಳಿಸುವ ಪಾಳಿ) ಒಂದು ಸೆಕೆಂಡು ತಪ್ಪಿದರೆ ಹಮಾಲಿ ಚಕ್ರದಡಿ.

ಟ್ಯಾಗ್ ರೇಡಿಯೊ ಸಿಗ್ನಲ್ ಬಿಡುತ್ತದೆ, ದೇವನಹಳ್ಳಿಯ ವಿಮಾನ ನಿಲ್ದಾಣವೂ ದೂರವಿಲ್ಲ. ಇಳಿಯುವ ವಿಮಾನ ತನ್ನ ಎತ್ತರ ಅಳೆಯುವುದು 4200–4400 ಮೆಗಾಹರ್ಟ್ಸ್‌ನಲ್ಲಿ. 2022ರ ನವೆಂಬರಿನಲ್ಲಿ ದೂರಸಂಪರ್ಕ ಇಲಾಖೆ, ಬೆಂಗಳೂರು ಸೇರಿದಂತೆ ವಿಮಾನ ನಿಲ್ದಾಣಗಳಲ್ಲಿ ರನ್‌ವೇ ತುದಿಯಿಂದ 2.1 ಕಿ.ಮೀ., ನಡುಗೆರೆಯಿಂದ 910 ಮೀಟರ್ ಒಳಗೆ 3300–3670ರ 5ಜಿ ಟವರ್ ನಿಲ್ಲಿಸಬೇಡಿ ಎಂದು ಕಂಪನಿಗಳಿಗೆ ಬರೆದದ್ದು ಈ ಅಳತೆಗೆ ಅಡ್ಡಿಯಾಗದಿರಲೆಂದೇ.

ಮಾಡಬೇಕಾದ್ದು

• ಹಣ ಕೊಡುವ ಮೊದಲು ಇ.ಟಿ.ಎ. (ಉಪಕರಣ ಮಾದರಿ ಅನುಮೋದನೆ) ಪ್ರಮಾಣಪತ್ರ ನೋಡಿ.
• ಚಾನೆಲ್ 5 (6489.6 ಮೆಗಾಹರ್ಟ್ಸ್) ಅಥವಾ 9 (7987.2) ಹಿಡಿಯಿರಿ. ಪ್ರಮಾಣಪತ್ರದಲ್ಲೂ ಅದೇ ಇರಲಿ.
• ಪವರನ್ನು ಮೆಗಾಹರ್ಟ್ಸ್‌ಗೆ −41.3 ಡಿ.ಬಿ.ಎಂ. ಒಳಗೆ ಇಡಿ. ಇದು 2002ರಲ್ಲಿ ಅಮೆರಿಕದ ಎಫ್.ಸಿ.ಸಿ. ಹಾಕಿದ ಗೆರೆ, 500 ಮೆಗಾಹರ್ಟ್ಸ್ ಚಾನೆಲ್‌ಗೆ ಒಟ್ಟು 0.037 ಮಿಲಿವಾಟ್ ಮಾತ್ರ.
• ಮನುಷ್ಯರ ಟ್ಯಾಗ್‌ಗಳಿಗೆ ಮೊದಲು ಸರದಿ ಕಾಯ್ದಿರಿಸಿ. ಮಿಕ್ಕಿದ್ದು ಸರಕು ಎಣಿಸುವ ಟ್ಯಾಗ್‌ಗಳಿಗೆ.
• ಹೊಸ ಟ್ಯಾಗ್ ಸೇರಿಸುವ ಮುನ್ನ ಅಕ್ಕಪಕ್ಕದ ಪ್ರತಿ ನೋಡ್ (ಜಾಲದ ರೇಡಿಯೊ ಉಪಕರಣ) ಇನ್ನೆಷ್ಟು ಗದ್ದಲ ತಾಳಬಲ್ಲದು ಎಂದು ಅದರಿಂದಲೇ ಹೇಳಿಸಿ. ನಡುವೆ ಟವರ್ ಇಲ್ಲದ ಜಾಲದಲ್ಲಿ ಯಜಮಾನನೂ ಇಲ್ಲ, ಹಾಗಾಗಿ ನೋಡ್‌ಗಳೇ ಹೇಳಬೇಕು. ರೋಮ್‌ನ ಸಂಶೋಧಕಿ ಫ್ರಾನ್ಸೆಸ್ಕಾ ಕುವೋಮೊ ಅವರ ತಂಡ 2002ರಲ್ಲೇ ತೋರಿಸಿದ ದಾರಿ ಇದು.
• ಒಂದು ನೋಡ್ ಕೇಳಿಸಿಕೊಳ್ಳುವಾಗ ಅದರ ಹತ್ತಿರದವರನ್ನು ಸುಮ್ಮನಿರಿಸಿ. ದೂರದವರು ಮಾತಾಡಲಿ.
• ದೂರದ ಸಂದೇಶವನ್ನು ನಡುವಿನ ನೋಡ್ ಮೂಲಕ ದಾಟಿಸಿ.
• ಸಿಗ್ನಲ್ ಕುಗ್ಗಿದರೆ ಡೇಟಾ ವೇಗ ಇಳಿಸಿ.
• ಗೋದಾಮು ಖಾಲಿಯಿದ್ದಾಗ ಒಮ್ಮೆ, ಕಬ್ಬಿಣದ ರ್ಯಾಕ್ ತುಂಬಿದಾಗ ಇನ್ನೊಮ್ಮೆ ದೂರ ಅಳೆದು ನೋಡಿ. ಸಿಗ್ನಲ್ ತಲುಪುವ ಸಮಯ ಒಂದು ನ್ಯಾನೋಸೆಕೆಂಡ್ ತಪ್ಪಿದರೆ ದೂರದಲ್ಲಿ 30 ಸೆಂ.ಮೀ. ತಪ್ಪು.

ಮಾಡಬಾರದ್ದು

• ಚಾನೆಲ್ 1 ಬೇಡ. ಅದು 5ಜಿ ಮೇಲೆಯೇ ಕೂರುತ್ತದೆ.
• ಚಾನೆಲ್ 2, 3, 4 ಬೇಡವೇ ಬೇಡ. ಮೂರೂ ವಿಮಾನದ ಬ್ಯಾಂಡಿಗೆ ಕಾಲು ಚಾಚುತ್ತವೆ.
• ಆಂಪ್ಲಿಫೈಯರ್ ಜೋಡಿಸಬಾರದು. ಅಂಗಡಿಯವನು ಬಿಟ್ಟಿ ಕೊಟ್ಟರೂ ಬೇಡ.
• ಅರ್ಧ ಪವರ್, ಕಾಲು ಪವರ್ ಎಂದು ಹಂಚಬೇಡಿ. ಅನುಮತಿಯಿರುವಷ್ಟು ಪೂರ್ತಿ, ಇಲ್ಲವೇ ಮೌನ: ಗಣಿತವೂ ಹೇಳುವುದು ಇದನ್ನೇ.
• 'ಗಾಳಿ ಖಾಲಿಯಿದೆಯೇ ಕೇಳಿ ಕಳಿಸು' ಪದ್ಧತಿಯನ್ನು ನೆಚ್ಚಬೇಡಿ. ಈ ಸಿಗ್ನಲ್ ಗದ್ದಲದ ಕೆಳಗೆ ಹುದುಗಿರುತ್ತದೆ, ಪಕ್ಕದವನಿಗೂ ಕೇಳಿಸದೇ ಹೋಗಬಹುದು.
• ಪ್ರತಿ ಟ್ಯಾಗ್ ತನಗೆ ತೋಚಿದಾಗ ಕಳಿಸುವಂತೆ ಬಿಡಬಾರದು. ಹಾಗೆ ಬಿಟ್ಟರೆ ಚಾನೆಲ್‌ನ ಶೇ. 18ಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ, ಮಿಕ್ಕಿದ್ದು ಡಿಕ್ಕಿ ಮತ್ತು ಖಾಲಿ.
• ಪಕ್ಕಪಕ್ಕದ ಎರಡು ಜಾಲಗಳಿಗೆ ಒಂದೇ ಕೋಡ್ ಬೇಡ.
• ಸರಕಿನ ಲೆಕ್ಕ ತಡವಾಯಿತೆಂದು ಹಮಾಲಿಗಳ ಸರದಿ ಕಡಿಯಬಾರದು. ಮ್ಯಾನೇಜರ್ ಹೇಳಿದರೂ ಬೇಡ.
• ಟ್ಯಾಗ್ ಬಂತೆಂದು ಫೋರ್ಕ್‌ಲಿಫ್ಟಿನ ಹಾರ್ನ್ ಕೀಳಬಾರದು.
• ಬ್ಯಾಟರಿ ಸತ್ತ ಟ್ಯಾಗ್ ಕೊರಳಿಗೆ ಹಾಕಿಕೊಂಡು ಒಳಗೆ ಹೋಗಬೇಡಿ.