ಕೋಲು ಹಿಡಿಯುವ ಮುನ್ನ ಕಿವಿ ಕೊಡು

ಪಿಯಾನೊ ಕೈಗೆ ಕೂತಿತು, ಇನ್ನು ಆರ್ಕೆಸ್ಟ್ರಾ ನಡೆಸುವುದನ್ನೂ ಕಲಿಯುತ್ತೇನೆ ಎಂದೆಯಲ್ಲ, ಮಗೂ, ಕೇಳಿ ಖುಷಿಯಾಯಿತು. ಆಸೆ ದೊಡ್ಡದಾಗಿಯೇ ಇರಲಿ. ಒಂದು ಮಾತು ಮಾತ್ರ ಈಗಲೇ ಮನಸ್ಸಿನಲ್ಲಿಟ್ಟುಕೋ. ವಾದ್ಯವೃಂದದ ಮುಂದೆ ನಿಲ್ಲುವುದು ಪಿಯಾನೊ ವಾದಕನಿಗೆ ಸಿಗುವ ಬಡ್ತಿಯಲ್ಲ. ಪಿಯಾನೊದಲ್ಲಿ ಬೆರಳು ಒತ್ತಿದೊಡನೆ ಸ್ವರ ಹೊರಡುತ್ತದೆ, ಅದು ನಿನ್ನದೇ. ನಿರ್ದೇಶನದ ಕೋಲು ಹಿಡಿದು ನಿಂತವನ ಕೈಯಿಂದ ಒಂದು ಸ್ವರವೂ ಹುಟ್ಟುವುದಿಲ್ಲ. ನುಡಿಸುವವರು ಎದುರಿಗೆ ಕೂತ ಹತ್ತಾರು ಜನ. ಅವರನ್ನು ಕೇಳಿಸಿಕೊಳ್ಳಬಲ್ಲವನಿಗಷ್ಟೇ ಆ ಜಾಗ ಒಪ್ಪುತ್ತದೆ.

ಎರಡೂ ದಾರಿಗಳಲ್ಲಿ ನಡೆದ ಡೇನಿಯಲ್ ಬ್ಯಾರೆನ್‌ಬಾಯ್ಮ್ ಅವರ ಬದುಕನ್ನು ಗಮನವಿಟ್ಟು ನೋಡು. 1942ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಹುಟ್ಟಿದವರು. ಪಿಯಾನೊ ಕಲಿಸಿದ್ದು ಮೊದಲು ತಾಯಿ, ಆಮೇಲೆ ತಂದೆ. ಏಳನೆಯ ವಯಸ್ಸಿಗೆ ಮೊದಲ ಕಛೇರಿ. 1954ರ ಬೇಸಿಗೆಯಲ್ಲಿ, ಇನ್ನೂ ಹನ್ನೊಂದರ ಹುಡುಗನಾಗಿದ್ದಾಗ, ಸಾಲ್ಜ್‌ಬರ್ಗ್‌ನಲ್ಲಿ ಈಗರ್ ಮಾರ್ಕೆವಿಚ್ ಅವರ ವೃಂದ ನಿರ್ದೇಶನದ ತರಗತಿಗೆ ಸೇರಿದರು. ಅಲ್ಲಿ ಹುಡುಗನ ವಾದನ ಕೇಳಿದ ಹೆಸರಾಂತ ನಿರ್ದೇಶಕ ಫುರ್ಟ್‌ವೆಂಗ್ಲರ್, ಬರ್ಲಿನ್ ಫಿಲ್‌ಹಾರ್ಮೋನಿಕ್ ಜೊತೆ ನುಡಿಸಲು ಬಾ ಎಂದು ಕರೆದರು. ತಂದೆ ಒಪ್ಪಲಿಲ್ಲ. ಮಹಾಯುದ್ಧ ಮುಗಿದು ಒಂಬತ್ತೇ ವರ್ಷವಾಗಿತ್ತು. ಯಹೂದಿ ಕುಟುಂಬವೊಂದು ಜರ್ಮನಿಗೆ ಹೋಗುವ ಕಾಲ ಇನ್ನೂ ಬಂದಿಲ್ಲ ಎಂಬುದು ಅವರ ನಿಲುವು. ಫುರ್ಟ್‌ವೆಂಗ್ಲರ್ ಆ ವರ್ಷವೇ ತೀರಿಕೊಂಡರು. ಬ್ಯಾರೆನ್‌ಬಾಯ್ಮ್ ಆ ವೃಂದದೊಡನೆ ಮೊದಲು ನುಡಿಸಿದ್ದು 1964ರಲ್ಲಿ. ಹತ್ತು ವರ್ಷ ತಡವಾಯಿತೆಂದು ಅವರ ಸಂಗೀತಕ್ಕೇನೂ ಕುಂದಾಗಲಿಲ್ಲ. ದೊಡ್ಡವರ ಕರೆಗೂ ಕೆಲವೊಮ್ಮೆ 'ಈಗ ಬೇಡ' ಎನ್ನಬಹುದು. ಆ ಧೈರ್ಯ ನಿನಗಿರಲಿ.

ಆ ಹತ್ತು ವರ್ಷ ಅವರು ಸುಮ್ಮನೆ ಕೂರಲಿಲ್ಲ. ಪ್ಯಾರಿಸ್‌ನಲ್ಲಿ ನಾಡಿಯಾ ಬೂಲಾಂಜೆ ಅವರ ಬಳಿ ಹಾರ್ಮನಿ, ಸ್ವರರಚನೆ ಕಲಿತರು. ಇಟಲಿಯ ಸಿಯೆನಾದಲ್ಲಿ ನಿರ್ದೇಶನದ ತರಗತಿಯಲ್ಲಿ ಕೂತರು. ಅಲ್ಲಿ ಜೊತೆಗಿದ್ದವರು ಮುಂದೆ ದೊಡ್ಡ ನಿರ್ದೇಶಕರಾದ ಕ್ಲಾಡಿಯೋ ಅಬ್ಬಾಡೋ ಮತ್ತು ನಮ್ಮ ಮುಂಬೈಯ ಜುಬಿನ್ ಮೆಹ್ತಾ. ಪಿಯಾನೊವನ್ನಂತೂ ಬಿಡಲಿಲ್ಲ, 1960ರ ಹೊತ್ತಿಗೆ ಬೀಥೋವನ್‌ನ 32 ಸೊನಾಟಾಗಳನ್ನೂ ಕಛೇರಿಗಳಲ್ಲಿ ನುಡಿಸಿ ಮುಗಿಸಿದ್ದರು.

ಪಿಯಾನೊ ನಿನಗೆ ಕೊಟ್ಟಿರುವ ಬಂಡವಾಳ ಸಣ್ಣದಲ್ಲ. ಹತ್ತು ಬೆರಳಲ್ಲಿ ನಾಲ್ಕೈದು ಎಳೆಗಳನ್ನು ಒಟ್ಟಿಗೆ ನಡೆಸಿ, ಯಾವುದು ಮೇಲೇಳಬೇಕು, ಯಾವುದು ತಗ್ಗಬೇಕು ಎಂದು ತೂಗಿ ನೋಡುವುದನ್ನು ಅದು ಕಲಿಸಿದೆ. ಆದರೆ ಕೊರತೆಯನ್ನೂ ತಿಳಿದುಕೋ. ಪಿಯಾನೊದ ಸ್ವರ ಹುಟ್ಟಿದ ಕ್ಷಣದಿಂದಲೇ ಕ್ಷೀಣಿಸುತ್ತದೆ. ವಯೊಲಿನ್ನಿನ ಕಮಾನು ಅದನ್ನು ಹಿಡಿದು ನಿಲ್ಲಿಸಬಲ್ಲದು, ಬೆಳೆಸಬಲ್ಲದು. ಓಬೋ ನುಡಿಸುವವನಿಗೆ ಉಸಿರು ತೆಗೆದುಕೊಳ್ಳಲು ಜಾಗ ಬೇಕು, ನಿನ್ನ ಬೆರಳಿಗೆ ಬೇಡ. ಅದನ್ನು ಅರಿಯದೆ ಕೈ ಬೀಸಿದರೆ, ನುಡಿಸುವವರು ಉಸಿರು ಕಟ್ಟಿ ನಿನ್ನ ಹಿಂದೆ ಓಡಬೇಕಾಗುತ್ತದೆ. ಆದ್ದರಿಂದ ಮೊದಲನೆಯದಾಗಿ, ಒಂದಷ್ಟು ಕಾಲವಾದರೂ ಚೆಲ್ಲೋವನ್ನೋ ಕ್ಲಾರಿನೆಟ್ಟನ್ನೋ ಕಲಿ. ಅದರಲ್ಲಿ ಪಳಗಬೇಕೆಂದಿಲ್ಲ, ಅದರ ಕಷ್ಟ ನಿನ್ನ ಮೈಗೆ ಗೊತ್ತಾದರೆ ಸಾಕು.

ಎರಡನೆಯದು, ಇನ್ನೊಬ್ಬರ ಜೊತೆ ನುಡಿಸು. ಹಾಡುವವರಿಗೆ, ಪಿಟೀಲು ನುಡಿಸುವವರಿಗೆ ಪಿಯಾನೊ ಸಾಥ್ ಕೊಡು. ನಮ್ಮ ಕಛೇರಿಯಲ್ಲಿ ಒಳ್ಳೆಯ ಮೃದಂಗದವರು ಹಾಡುವವರ ಮುಖ ನೋಡಿಯೇ ಮುಂದಿನ ಹೆಜ್ಜೆ ಗ್ರಹಿಸುತ್ತಾರಲ್ಲ, ಆ ಎಚ್ಚರ ನಿನಗೆ ಬರಬೇಕು. ಬ್ಯಾರೆನ್‌ಬಾಯ್ಮ್ ತಮ್ಮ ಪತ್ನಿ ಜಾಕ್ವೆಲಿನ್ ಡು ಪ್ರೇ ಅವರ ಚೆಲ್ಲೋಗೂ, ಫಿಶರ್-ಡೀಸ್ಕಾವ್ ಅವರ ಹಾಡುಗಾರಿಕೆಗೂ ಪಿಯಾನೊ ನುಡಿಸಿದವರು. ಒಪೆರಾ ಮನೆಗಳಲ್ಲಿ ಗಾಯಕರಿಗೆ ಪಾತ್ರದ ಹಾಡುಗಳನ್ನು ಪಿಯಾನೊ ಮೇಲೆ ಅಭ್ಯಾಸ ಮಾಡಿಸುವ ಕೆಲಸವೊಂದಿದೆ. ಅದನ್ನು ಕೀಳೆಂದು ಎಣಿಸಬೇಡ. ನಿರ್ದೇಶಕ ಜಾರ್ಜ್ ಶೋಲ್ಟಿ ಬುಡಾಪೆಸ್ಟ್‌ನಲ್ಲಿ ಅದನ್ನೇ ಮಾಡಿ ಮೇಲೆ ಬಂದರು. ಆಂಟೋನಿಯೋ ಪಪ್ಪಾನೋ ಕೂಡ ಆ ಕೆಲಸದಿಂದಲೇ ಬೆಳೆದು, ಬೈರಾಯ್ಟ್‌ನಲ್ಲಿ ಬ್ಯಾರೆನ್‌ಬಾಯ್ಮ್ ಅವರ ಸಹಾಯಕರಾಗಿ, 2002ರಿಂದ 2024ರವರೆಗೆ ಲಂಡನ್ನಿನ ರಾಯಲ್ ಒಪೆರಾದ ಸಂಗೀತ ನಿರ್ದೇಶಕರಾಗಿದ್ದರು.

ಮೂರನೆಯದು, ಚಿಕ್ಕ ವೃಂದದಿಂದ ಶುರುಮಾಡು. ಬ್ಯಾರೆನ್‌ಬಾಯ್ಮ್ 1960ರ ದಶಕದಲ್ಲಿ ಇಂಗ್ಲಿಷ್ ಚೇಂಬರ್ ಆರ್ಕೆಸ್ಟ್ರಾದೊಡನೆ ಮೊಜಾರ್ಟ್‌ನ ಪಿಯಾನೊ ಕನ್ಸರ್ಟೊಗಳನ್ನು ತಾವೇ ನುಡಿಸುತ್ತ, ತಾವೇ ನಡೆಸುತ್ತ ಹೋದರು. ಮೊಜಾರ್ಟ್ ಕೂಡ ಹೀಗೆಯೇ ನುಡಿಸುತ್ತಿದ್ದ. ಪಿಯಾನೊದ ಮುಚ್ಚಳ ತೆಗೆದಿಟ್ಟು, ಸಭೆಗೆ ಬೆನ್ನು ಮಾಡಿ, ವೃಂದಕ್ಕೆ ಎದುರಾಗಿ ಕೂರಬೇಕು. ಎರಡೂ ಕೈ ಕೆಲಸದಲ್ಲಿರುವಾಗ ಸನ್ನೆಗೆ ಉಳಿಯುವುದು ಕಣ್ಣು, ತಲೆ, ಉಸಿರು. ಕೈ ಬೀಸದೆಯೂ ನಾಲ್ಕು ಜನರನ್ನು ಒಟ್ಟಿಗೆ ಹೊರಡಿಸುವುದು ಹೇಗೆಂದು ಅಲ್ಲಿ ಕಲಿಯುತ್ತೀಯ.

ಮುಂದೆ ಬ್ಯಾರೆನ್‌ಬಾಯ್ಮ್ ಅವರಿಗೆ ದೊಡ್ಡ ವೃಂದಗಳ ಜವಾಬ್ದಾರಿಗಳು ಬಂದವು: ಪ್ಯಾರಿಸ್‌ನಲ್ಲಿ 1975ರಿಂದ 1989, ಷಿಕಾಗೋದಲ್ಲಿ 1991ರಿಂದ 2006, ಬರ್ಲಿನ್ನಿನ ಸ್ಟಾಟ್ಸ್ ಒಪೆರಾದಲ್ಲಿ 1992ರಿಂದ 2023. ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಹಿರಿದು ಪ್ಯಾಲೆಸ್ಟೀನಿ ಮೂಲದ ಚಿಂತಕ ಎಡ್ವರ್ಡ್ ಸೈದ್ ಜೊತೆ 1999ರಲ್ಲಿ ವೈಮಾರ್‌ನಲ್ಲಿ ಕಟ್ಟಿದ ವೆಸ್ಟ್-ಈಸ್ಟರ್ನ್ ದಿವಾನ್ ವೃಂದ. ಅರಬ್ ಮತ್ತು ಇಸ್ರೇಲಿ ಯುವಕಲಾವಿದರು ಅಲ್ಲಿ ಒಟ್ಟಿಗೆ ಕೂತು ನುಡಿಸುತ್ತಾರೆ. ಯುದ್ಧ ಅದರಿಂದ ನಿಲ್ಲಲಿಲ್ಲ. ಆದರೆ ಪಕ್ಕದವನ ಸ್ವರ ಕೇಳದೆ ತನ್ನ ಸ್ವರ ಸರಿಯಾಗುವುದಿಲ್ಲ ಎಂಬುದು ಆ ಮಕ್ಕಳಿಗೆ ದಿನವೂ ಅನುಭವಕ್ಕೆ ಬರುತ್ತದೆ.

ಅವರ ಬದುಕಿನಿಂದಲೇ ಒಂದು ಎಚ್ಚರಿಕೆಯನ್ನೂ ತೆಗೆದುಕೋ. 2019ರಲ್ಲಿ ಬರ್ಲಿನ್ನಿನ ಅವರ ವೃಂದದಲ್ಲಿ ನುಡಿಸಿದ್ದ ಕೆಲವರು ಅವರ ಸಿಡುಕು, ಒರಟುತನದ ಬಗ್ಗೆ ಬಹಿರಂಗವಾಗಿ ದೂರಿದರು. ದಬ್ಬಾಳಿಕೆಯ ಆರೋಪವನ್ನು ಅವರು ಅಲ್ಲಗಳೆದರು. ನ್ಯಾಯ ತೀರ್ಮಾನ ನಮ್ಮ ಕೆಲಸವಲ್ಲ. ನೀನು ಮಾತ್ರ ಯಾರನ್ನೂ ಎಲ್ಲರೆದುರು ಕುಗ್ಗಿಸಬೇಡ. ಹೆದರಿದವನ ಕಮಾನು ಹಾಡುವುದಿಲ್ಲ.

ಹಾಗಾದರೆ ಈಗೇನು ಮಾಡಲಿ ಎನ್ನುತ್ತೀಯ? ದಿನದ ಮೊದಲ ಹೊತ್ತು ಪಿಯಾನೊಗೆ ಮೀಸಲಿಡು. ವೃಂದದ ಕೆಲಸ ಹೆಚ್ಚಿದಂತೆ ಮೊದಲು ಕಳೆದುಹೋಗುವುದು ಆ ಹೊತ್ತೇ. ಆಮೇಲೆ ಹೈಡನ್‌ನ ಒಂದು ಸಿಂಫನಿಯ ಸ್ಕೋರ್ ತೆಗೆದುಕೊಂಡು, ವಯೋಲಾದ ಸಾಲು, ಹಾರ್ನ್‌ನ ಸಾಲು ಎಂದು ಒಂದೊಂದನ್ನೇ ಹಾಡು, ಕಡೆಗೆ ಎಲ್ಲವನ್ನೂ ಪಿಯಾನೊ ಮೇಲೆ ಕೂಡಿಸು. ಪ್ರತಿ ವಾದ್ಯದ ಸಾಲೂ ನಿನಗೆ ಬಾಯಿಪಾಠವಾದ ದಿನ ನಾಲ್ಕೈದು ಗೆಳೆಯರನ್ನು ಸೇರಿಸಿಕೊಂಡು ನುಡಿಸಿ ನೋಡು. ನೀನು ನಿಂತರೆ ಅವರು ಮೊದಲಿಗಿಂತ ಚೆನ್ನಾಗಿ ನುಡಿಸುತ್ತಾರೆ ಎಂದಾದರೆ, ಮಗೂ, ಆಗ ಕೋಲು ಹಿಡಿ.