ಮಿತಭಾಷಿಗಳಿಗೊಂದು ಪಾಠ

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಹಳೆಯ ವಿದ್ಯಾರ್ಥಿಗಳಿಗೆ ಉಪಯುಕ್ತವಾಗುವ ಪಾಠವೊಂದನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ, ಹಿಂದಿನ ಬೆಂಚುಗಳಲ್ಲಿ ಮೌನವಾಗಿ ಕುಳಿತಿರುತ್ತಿದ್ದ ಮಕ್ಕಳು ನೆನಪಾದರು. ಅವರಲ್ಲಿ ಹಲವರು ಇಂದು ಹೊಸೂರಿನ ಕಾರ್ಖಾನೆಗಳಲ್ಲಿ, ಸೇಲಂ, ಧರ್ಮಪುರಿಯ ಕಚೇರಿಗಳಲ್ಲಿ ದುಡಿಯುತ್ತಿದ್ದಾರೆ. "ಮೇಷ್ಟ್ರೇ, ಕೆಲಸ ಬರುತ್ತದೆ, ಸಭೆಯಲ್ಲಿ ಮಾತು ಬರುವುದಿಲ್ಲ" ಎಂದು ಒಬ್ಬರು ನನ್ನಲ್ಲಿ ಹೇಳಿಕೊಂಡದ್ದುಂಟು.

ನಮ್ಮವರ ಮೌನಕ್ಕೆ ಕಾರಣಗಳು ಎರಡು. ಮೊದಲನೆಯದು ಸ್ವಭಾವ. ಎರಡನೆಯದು ಭಾಷೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಕಡತದಲ್ಲಿ ಇಂಗ್ಲಿಷ್. ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುವಷ್ಟರಲ್ಲಿ ಚರ್ಚೆ ಮುಂದಕ್ಕೆ ಸಾಗಿರುತ್ತದೆ. ಇದು ದಡ್ಡತನವಲ್ಲ.

1888ರಿಂದ 1891ರವರೆಗೆ ಲಂಡನ್ನಿನಲ್ಲಿ ಓದುತ್ತಿದ್ದ ಗಾಂಧೀಜಿಯವರು ಅಲ್ಲಿನ ಸಸ್ಯಾಹಾರಿಗಳ ಸಂಘದ ಕಾರ್ಯಕಾರಿ ಸಮಿತಿಯಲ್ಲಿದ್ದರೂ ಸಭೆಗಳಲ್ಲಿ ಬಾಯಿ ತೆರೆಯುತ್ತಿರಲಿಲ್ಲ. ಸದಸ್ಯರೊಬ್ಬರನ್ನು ಹೊರಹಾಕುವ ಪ್ರಶ್ನೆ ಬಂದಾಗ ಅದು ಅನ್ಯಾಯವೆಂದು ಅವರಿಗೆ ತೋರಿತು. ತಮ್ಮ ಅಭಿಪ್ರಾಯವನ್ನು ಬರೆದುಕೊಂಡು ಹೋದರು. ಓದಲು ಧೈರ್ಯ ಸಾಲದೆ ಬೇರೊಬ್ಬರಿಂದ ಓದಿಸಬೇಕಾಯಿತು. ಅವರ ಪಕ್ಷ ಸೋತಿತು. ಆದರೆ ತಮ್ಮ ಪಕ್ಷ ನ್ಯಾಯವಾದುದೆಂಬ ಸಮಾಧಾನ ಉಳಿಯಿತು. ತಮ್ಮ ಸಂಕೋಚವೇ ಮಾತಿನಲ್ಲಿ ಮಿತವ್ಯಯವನ್ನು ಕಲಿಸಿತೆಂದು ಅವರು ಆತ್ಮಕಥೆಯಲ್ಲಿ ಸ್ಮರಿಸಿದ್ದಾರೆ.

ಈ ಧೈರ್ಯ ನನಗೆ ಒಮ್ಮೆ ಇಲ್ಲವಾಯಿತು. ಕಿರಿಯ ಉಪಾಧ್ಯಾಯನಾಗಿದ್ದಾಗ ಸಭೆಯೊಂದರಲ್ಲಿ ಪಠ್ಯಪುಸ್ತಕಗಳ ಬೇಡಿಕೆಯ ಪಟ್ಟಿಯನ್ನು ಓದಿದರು. ನನ್ನ ಕನ್ನಡ ತರಗತಿಯ ಎದುರಿಗೆ ಸೊನ್ನೆ ಇತ್ತು. ತಪ್ಪೆಂದು ತಿಳಿದಿದ್ದರೂ, ತಮಿಳಿನಲ್ಲಿ ತಡವರಿಸಿದರೆ ನಕ್ಕಾರೆಂದು ಅಂಜಿ ಸುಮ್ಮನಿದ್ದೆ. ದಸರಾ ರಜೆಯವರೆಗೂ ಮಕ್ಕಳು ನಾಲ್ವರಿಗೊಂದು ಹಳೆಯ ಪುಸ್ತಕವನ್ನಿಟ್ಟುಕೊಂಡು ಓದಿದರು. ನನ್ನ ಸಂಕೋಚಕ್ಕೆ ಬೆಲೆ ತೆತ್ತವರು ಅವರು.

ಅಂದಿನಿಂದ ನಾನು ಪಾಲಿಸಿದ ಕ್ರಮವಿದು. ಸಭೆಯ ಹಿಂದಿನ ದಿನವೇ ವಿಷಯವನ್ನು ತಿಳಿದುಕೊಂಡು, ಹೇಳಬೇಕಾದ ಒಂದೇ ಅಂಶವನ್ನು, ಅಂಕಿ-ಸಂಖ್ಯೆಯ ಸಹಿತ, ಸಭೆಯ ಭಾಷೆಯಲ್ಲಿಯೇ ಎರಡು ವಾಕ್ಯಗಳಾಗಿ ಚೀಟಿಯಲ್ಲಿ ಬರೆದುಕೊಳ್ಳುವುದು. ಅದನ್ನು ಸಭೆಯ ಮೊದಲ ಭಾಗದಲ್ಲಿಯೇ ಹೇಳಿಬಿಡುವುದು. ತಡವಾದಷ್ಟೂ ಅಳುಕು ಬೆಳೆಯುತ್ತದೆ. ಹೇಳಲಾಗದಿದ್ದರೆ ಪ್ರಶ್ನೆಯಾಗಿ ಕೇಳುವುದು. ಅದೂ ಆಗದಿದ್ದರೆ ಅಂದೇ ಸಂಜೆ ಪತ್ರ ಬರೆದು ಕೊಡುವುದು. ಮುಂದೆ ಮುಖ್ಯೋಪಾಧ್ಯಾಯನಾದಾಗ, ಮಾತನಾಡದ ಸಹೋದ್ಯೋಗಿಗಳಿಗೆ ವಿಷಯವನ್ನು ಮೊದಲೇ ತಿಳಿಸಿ, ಸಭೆಯಲ್ಲಿ ಹೆಸರು ಹಿಡಿದು ಕೇಳುತ್ತಿದ್ದೆ. ಶಾಲೆಗೆ ಉಪಯೋಗವಾದ ಎಷ್ಟೋ ಸಲಹೆಗಳು ಅವರಿಂದಲೇ ಬಂದವು.

ಹಾಗೆಂದು ಎಲ್ಲದಕ್ಕೂ ಮಾತನಾಡಬೇಕೆಂದಲ್ಲ. ಮೌನದ ನಷ್ಟ ನಮಗೊಬ್ಬರಿಗೇ ಆಗುವುದಾದರೆ ಸುಮ್ಮನಿರಬಹುದು. ಆ ನಷ್ಟ ಇನ್ನೊಬ್ಬರಿಗೆ ತಗಲುವುದಾದರೆ ಸುಮ್ಮನಿರುವ ಹಕ್ಕು ನಮಗಿಲ್ಲ.

ಸೇಲಂನ ನಮ್ಮ ದೇವಾಂಗ ಮನೆಗಳವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮಗ್ಗದ ಮುಂದೆ ಕುಳಿತು ಎಳೆ ಎಣಿಸುವಾಗ ನೇಕಾರರು ಮಾತನಾಡುವುದಿಲ್ಲ. ಆದರೆ ಎಳೆ ಹರಿದದ್ದು ಕಂಡರೆ ಆ ಕ್ಷಣವೇ ಲಾಳಿ ನಿಲ್ಲಿಸುತ್ತಾರೆ. ನಿಲ್ಲಿಸದಿದ್ದರೆ ಸೀರೆ ಕೆಡುತ್ತದೆ.

ಪ್ರಿಯ ವಿದ್ಯಾರ್ಥಿಗಳೇ, ಹಿಂದಿನ ಬೆಂಚಿನಲ್ಲಿ ಕುಳಿತು ಯೋಚಿಸಿದ್ದನ್ನು ಎದ್ದು ನಿಂತು ಹೇಳಿರಿ. ಎರಡು ವಾಕ್ಯಗಳು ಸಾಕು.