ನೀರು ಕುಡಿದ ಗಾಡಿ, ಪೆಟ್ಟು ತಿಂದ ಗಾಡಿ

ಪೇಟೆಯಲ್ಲಿ ಮೂರೂವರೆ ಲಕ್ಷಕ್ಕೆ ಹೋಗುವ ಕಾರು ಎರಡೂಕಾಲು ಲಕ್ಷಕ್ಕೆ ಸಿಗುತ್ತದೆ ಅಂದರೆ ಆ ಒಂದೂಕಾಲು ಲಕ್ಷ ಯಾಕೆ ಇಳಿಯಿತು ಎಂದು ಮೊದಲು ಕೇಳಬೇಕು. ಬಣ್ಣ, ಟೈರು, ಓಡಿದ ಕಿಲೋಮೀಟರು ಎಲ್ಲ ಆಮೇಲಿನ ಮಾತು. ಮಾಗಡಿ, ಕುಣಿಗಲ್, ರಾಮನಗರದ ಕಡೆ ಸೆಕೆಂಡ್ ಹ್ಯಾಂಡ್ ಗಾಡಿ ಹುಡುಕುತ್ತಾ ಅಲೆಯುವಾಗ ಬ್ರೋಕರುಗಳಿಂದ ಮತ್ತೆ ಮತ್ತೆ ಕೇಳಿದ್ದು ‘ಟೋಟಲ್ ಲಾಸ್ ಗಾಡಿ’ ಎಂಬ ಮಾತು. ಕೆಲವರು ತಾವಾಗಿಯೇ ಹೇಳುತ್ತಿದ್ದರು, ಹೆಚ್ಚಿನವರು ಕೆದಕಿ ಕೇಳಿದರೂ ಬಾಯಿ ಬಿಡುತ್ತಿರಲಿಲ್ಲ. ಕೊನೆಗೆ ನಾನು ಮನೆಗೆ ತಂದದ್ದೂ ಟೋಟಲ್ ಲಾಸ್ ಗಾಡಿಯೇ. ತಿಳಿದೇ ತಂದೆ. ಆ ತಿಳಿವಳಿಕೆ ಎಲ್ಲಿಂದ ಬಂತು, ಅದಕ್ಕೆ ಯಾರು ಯಾರು ನೆರವಾದರು ಎಂಬುದನ್ನು ನಮ್ಮ ಕಡೆಯ ಜನರಿಗಾಗಿ ಬರೆಯುತ್ತಿದ್ದೇನೆ.

ಮಾಗಡಿ ತಾಲ್ಲೂಕಿನ ನಮ್ಮ ಕೆಂಪಾಪುರ ಹೊರಗಿನವರಿಗೆ ಪರಿಚಯವಾದದ್ದು ಕೆಂಪೇಗೌಡರ ಸಮಾಧಿಯಿಂದ. 2015ರಲ್ಲಿ ಅದು ಬೆಳಕಿಗೆ ಬಂದ ಮೇಲೆ ರಜೆಯ ದಿನ ಬೆಂಗಳೂರಿನ ಕಾರುಗಳು ಊರೊಳಗೆ ಕಾಣಿಸುತ್ತವೆ. ಊರಿನವರಿಗೆ ಕಾರು ಬೇಕಾಗುವುದು ಬೇರೆ ಕಾರಣಕ್ಕೆ. ನಮ್ಮಮ್ಮನಿಗೆ ಮಂಡಿ ನೋವು, ಜೊತೆಗೆ ಸಕ್ಕರೆ ಕಾಯಿಲೆ. ಬಸ್ಸಿನ ಮೆಟ್ಟಿಲು ಹತ್ತಲಾಗದು. ರಾತ್ರಿ ಹೊತ್ತು ಯಾರಿಗಾದರೂ ಎದೆ ಹಿಡಿದುಕೊಂಡರೆ ಬೇರೆಯವರ ಮನೆ ಬಾಗಿಲು ತಟ್ಟಿ ಗಾಡಿ ಕೇಳಬೇಕು. ಹೊಸ ಕಾರಿಗೆ ಸಾಲ ಮಾಡುವಷ್ಟು ವರಮಾನ ಇಲ್ಲದ, ಕಾರಿಲ್ಲದೆಯೂ ನಡೆಯದ ಇಂಥ ಮನೆಗಳನ್ನೇ ಅಗ್ಗದ ಗಾಡಿಗಳು ಹುಡುಕಿಕೊಂಡು ಬರುತ್ತವೆ.

ಟೋಟಲ್ ಲಾಸ್ ಅಂದರೆ ಗಾಡಿ ಪುಡಿಪುಡಿಯಾಗಿದೆ ಎಂದು ನಾನೂ ತಿಳಿದಿದ್ದೆ, ಊರಲ್ಲಿ ಎಲ್ಲರೂ ಹಾಗೆಯೇ ತಿಳಿದಿದ್ದಾರೆ. ಅದು ಲೆಕ್ಕದ ಮಾತು. ಪ್ರತಿ ಫುಲ್ ಇನ್ಶೂರೆನ್ಸ್ ಪಾಲಿಸಿಯಲ್ಲೂ ಐಡಿವಿ ಎಂದು ಒಂದು ಮೊತ್ತ ಇರುತ್ತದೆ, ವಿಮಾ ಕಂಪನಿ ಆ ವರ್ಷಕ್ಕೆ ಒಪ್ಪಿಕೊಂಡ ಗಾಡಿಯ ಬೆಲೆ ಅದು. ರಿಪೇರಿ ಖರ್ಚು ಐಡಿವಿಯ ಶೇ 75 ದಾಟಿದರೆ ಗಾಡಿಯನ್ನು ಟೋಟಲ್ ಲಾಸ್ ಎಂದು ಪರಿಗಣಿಸುವುದಾಗಿ ಪಾಲಿಸಿಯ ಷರತ್ತಿನಲ್ಲೇ ಬರೆದಿರುತ್ತದೆ. ಐಡಿವಿ ವರ್ಷ ವರ್ಷ ಇಳಿಯುತ್ತದೆ. ಆರು ತಿಂಗಳ ಗಾಡಿಗೆ ಶೇ 5 ಕಳೆದರೆ, ನಾಲ್ಕು ದಾಟಿ ಐದನೇ ವರ್ಷದಲ್ಲಿರುವ ಗಾಡಿಗೆ ಶೇ 50 ಕಳೆಯುತ್ತಾರೆ. ಬಿಡಿಭಾಗದ ಬೆಲೆ ಮಾತ್ರ ಏರುತ್ತಲೇ ಇರುತ್ತದೆ. ಹಾಗಾಗಿ ಹೊಸ ಗಾಡಿಗೆ ಆದರೆ ಸುಮ್ಮನೆ ರಿಪೇರಿ ಆಗುವ ಪೆಟ್ಟೇ ಏಳು ವರ್ಷದ ಗಾಡಿಗೆ ಬಿದ್ದಾಗ ಟೋಟಲ್ ಲಾಸ್ ಆಗಿಬಿಡುತ್ತದೆ.

ನಾನು ಕೊಂಡ ಗಾಡಿಯ ಲೆಕ್ಕವನ್ನೇ ನೋಡಿ. ಐಡಿವಿ 3,20,000 ರೂಪಾಯಿ. ಅದರ ಶೇ 75 ಅಂದರೆ 2,40,000. ಮುಂದಿನಿಂದ ಗುದ್ದಿತ್ತು. ಬಾನೆಟ್, ಬಂಪರ್, ರೇಡಿಯೇಟರ್, ಎರಡು ಹೆಡ್‌ಲೈಟ್, ಮುಂದಿನ ಗಾಜು ಹೋಗಿದ್ದವು, ಎರಡೂ ಏರ್‌ಬ್ಯಾಗ್ ಬಿಚ್ಚಿಕೊಂಡಿದ್ದವು. ಏರ್‌ಬ್ಯಾಗ್ ಬಿಚ್ಚಿದರೆ ಡ್ಯಾಶ್‌ಬೋರ್ಡೂ ಹೋಗುತ್ತದೆ. ಎಲ್ಲವನ್ನೂ ಕಂಪನಿಯ ಹೊಸ ಸಾಮಾನಿನಲ್ಲೇ ಹಾಕುವುದೆಂದು ಸರ್ವಿಸ್ ಸೆಂಟರಿನವರು ಬರೆದ ಎಸ್ಟಿಮೇಟು 2,60,000 ದಾಟಿತ್ತು. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಬಾಡಿ ಎಲ್ಲ ಗಟ್ಟಿಯಾಗಿಯೇ ಇದ್ದವು. ಹಿಂದಿನ ಮಾಲೀಕರು ವಿಮೆಯ ಹಣ ತೆಗೆದುಕೊಂಡರು, ಗಾಡಿ ಸಾಲ್ವೇಜ್ ಆಗಿ, ಅಂದರೆ ಮುರಿದ ಸ್ಥಿತಿಯಲ್ಲೇ, ಹರಾಜಿಗೆ ಬಂತು. ಹರಾಜು ಈಗ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಕೆಲವು ಸಲ ಮಾಲೀಕನೇ ಮುರಿದ ಗಾಡಿಯನ್ನು ಇಟ್ಟುಕೊಂಡು, ಅದರ ಬೆಲೆ ಕಳೆದು ಉಳಿದ ಹಣ ಪಡೆಯುವುದೂ ಉಂಟು.

ಹೀಗೆ ಬರುವ ಗಾಡಿಗಳಲ್ಲಿ ಮೂರು ಜಾತಿ: ಸುಟ್ಟದ್ದು, ಗುದ್ದಿದ್ದು, ನೀರಲ್ಲಿ ಮುಳುಗಿದ್ದು. 2019ರ ಫೆಬ್ರುವರಿ 23ರಂದು ಯಲಹಂಕದ ಏರೋ ಇಂಡಿಯಾ ಪಾರ್ಕಿಂಗಿನಲ್ಲಿ ಸುಮಾರು 300 ಕಾರುಗಳು ಸುಟ್ಟವಲ್ಲ, ಅಂಥ ಕರಕಲು ಗಾಡಿ ಯಾರನ್ನೂ ಮರುಳು ಮಾಡುವುದಿಲ್ಲ. ಗುದ್ದಿದ್ದು ಕಣ್ಣಿಗೆ ಸಿಗುತ್ತದೆ. ಭಯ ಪಡಬೇಕಾದದ್ದು ಮೂರನೆಯದಕ್ಕೆ.

2022ರ ಆಗಸ್ಟ್ ಕೊನೆಯಲ್ಲಿ ರಾಮನಗರದಲ್ಲಿ ಬಕ್ಷಿಕೆರೆ ಉಕ್ಕಿ, ಸಂಗಬಸವನದೊಡ್ಡಿಯ ಹತ್ತಿರ ಬೆಂಗಳೂರು–ಮೈಸೂರು ಹೆದ್ದಾರಿ ಹೊಳೆಯಾದದ್ದು ನಮ್ಮ ಕಡೆಯ ಎಲ್ಲರಿಗೂ ನೆನಪಿದೆ. ಕಾರು, ಬಸ್ಸು ನೀರಲ್ಲಿ ನಿಂತವು. ಅದಾದ ಒಂದೇ ವಾರಕ್ಕೆ ಬೆಂಗಳೂರಿನ ಯಮಲೂರು, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ಬೇಸ್‌ಮೆಂಟುಗಳೆಲ್ಲ ಮುಳುಗಿ ದುಬಾರಿ ಕಾರುಗಳು ತೇಲಿದವು. ಟಿವಿಯಲ್ಲಿ ಅದನ್ನು ನೋಡಿದ ನಾವು ಯಾರೂ ಆ ಗಾಡಿಗಳೆಲ್ಲ ಮುಂದೆ ಎಲ್ಲಿಗೆ ಹೋಗುತ್ತವೆ ಎಂದು ಯೋಚಿಸಿರಲಿಲ್ಲ.

ಅಂಥದ್ದೊಂದನ್ನು ನನ್ನ ಭಾಮೈದ ಹುಡುಕಿಕೊಂಡು ಬಂದ. ಟ್ಯಾಕ್ಸಿ ಓಡಿಸುವ ಹುಡುಗ, ಗಾಡಿ ಬಲ್ಲವನು. ‘ಭಾವ, ಒಂದು ಗೀರೂ ಇಲ್ಲ, ಒಳಗೆ ಹೊಸ ಸೀಟ್ ಕವರ್ ಹಾಕವ್ರೆ, ಬೆಲೆ ನೋಡಿದ್ರೆ ಬಿಡಂಗಿಲ್ಲ’ ಅಂದ. ಮಾಗಡಿಯಲ್ಲಿ ಬಹಳ ವರ್ಷದಿಂದ ಟಿಂಕರಿಂಗ್ ಮಾಡುವ ಮೇಸ್ತ್ರಿಯೊಬ್ಬರು ನಮ್ಮ ತಂದೆಯ ಕಾಲದಿಂದ ಪರಿಚಯ. ಅವರನ್ನು ಕರೆದುಕೊಂಡು ಹೋದೆವು. ಅವರು ಬಾನೆಟ್ ಎತ್ತಲೇ ಇಲ್ಲ. ಡ್ರೈವರ್ ಸೀಟಿನ ಬೆಲ್ಟನ್ನು ಕೊನೆಯವರೆಗೂ ಎಳೆದರು. ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕೆಸರಿನ ಗೆರೆ. ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿ ತೆಗೆದರೆ ಅಡಿಯಲ್ಲಿ ನುಣ್ಣನೆಯ ಮೆಕ್ಕಲು. ಸೀಟಿನ ಕೆಳಗಿನ ಬೋಲ್ಟುಗಳಿಗೆ ತುಕ್ಕು. ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿ ವೈರಿನ ಒಂದು ಸಾಕೆಟ್ ಬಿಚ್ಚಿ ತೋರಿಸಿದರು, ತಾಮ್ರದ ಮೇಲೆ ಹಸಿರು ಕಿಲುಬು ಹಿಡಿದಿತ್ತು. ‘ನೀರು ಕುಡ್ದೈತೆ ಗೌಡ್ರೆ. ಈಗ ಓಡ್ತದೆ. ಮಳೆಗಾಲ ಬರ್ಲಿ, ಒಂದೊಂದೇ ಕೈ ಕೊಡ್ತದೆ’ ಅಂದರು.

ಗೆದ್ದಲು ತಿಂದ ತೊಲೆಯ ಹಾಗೆ ಇದು, ಮೇಲೆ ಬಣ್ಣ ಹೊಡೆದರೆ ಹೊಸದೇ. ಈಗಿನ ಕಾರುಗಳಲ್ಲಿ ಎಂಜಿನ್ನು, ಬ್ರೇಕಿನ ಎಬಿಎಸ್, ಏರ್‌ಬ್ಯಾಗ್, ಸ್ಟೀರಿಂಗ್ ಎಲ್ಲಕ್ಕೂ ಒಂದೊಂದು ಎಲೆಕ್ಟ್ರಾನಿಕ್ ಪೆಟ್ಟಿಗೆ ಇದೆ, ಎಷ್ಟೋ ಗಾಡಿಗಳಲ್ಲಿ ಅವು ಸೀಟಿನ ಅಡಿಯಲ್ಲೋ ನೆಲದ ಹತ್ತಿರವೋ ಇರುತ್ತವೆ. ನೀರು ಒಣಗಿದ ಮೇಲೂ ಅದರಲ್ಲಿದ್ದ ಉಪ್ಪು, ಮಣ್ಣು ಒಳಗೇ ಉಳಿದು ತಿಂಗಳುಗಟ್ಟಲೆ ಕೊರೆಯುತ್ತದೆ. ನೀರಲ್ಲಿ ನಿಂತ ಗಾಡಿಯನ್ನು ಯಾರೋ ಸ್ಟಾರ್ಟ್ ಮಾಡಲು ನೋಡಿದ್ದರೆ ಗತಿ ಇನ್ನೂ ಕೆಟ್ಟದ್ದು. ಗಾಳಿ ಎಳೆಯುವ ಕಡೆಯಿಂದ ನೀರು ಸಿಲಿಂಡರಿಗೆ ನುಗ್ಗುತ್ತದೆ, ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗಿಬಿಡುತ್ತದೆ. ಆ ಗಾಡಿಗೆ ನಾವು ನಮಸ್ಕಾರ ಹೇಳಿದೆವು. ಭಾಮೈದ ಮನೆಯವರೆಗೂ ಮಾತಾಡಲಿಲ್ಲ.

ಗುದ್ದಿದ ಗಾಡಿಯನ್ನು ನೋಡುವ ಬಗೆಯೂ ಮೇಸ್ತ್ರಿಯಿಂದಲೇ ಕಲಿತದ್ದು. ಬೋಲ್ಟಿನಲ್ಲಿ ನಿಂತಿರುವುದು ಬೇರೆ, ವೆಲ್ಡಿಂಗಿನಲ್ಲಿ ನಿಂತಿರುವುದು ಬೇರೆ. ಬಂಪರ್, ಬಾನೆಟ್, ಫೆಂಡರ್, ಬಾಗಿಲು ಬೋಲ್ಟಿನವು, ಬದಲಾಗಿದ್ದರೆ ಚಿಂತೆಯಿಲ್ಲ. ಏಪ್ರನ್, ಪಿಲ್ಲರ್, ಚಾವಣಿ, ನೆಲ ವೆಲ್ಡಿಂಗಿನವು. ಅಲ್ಲಿ ಕತ್ತರಿಸಿ ಜೋಡಿಸಿದ ಗುರುತು ಕಂಡರೆ ಬೆಲೆ ಎಷ್ಟೇ ಇಳಿಸಿದರೂ ಬೇಡ. ಕಂಪನಿಯ ಸ್ಪಾಟ್ ವೆಲ್ಡಿಂಗ್ ಗುಂಡಿ ಒತ್ತಿದಂತೆ ಒಂದೇ ಅಂತರದಲ್ಲಿ ಸಾಲಾಗಿರುತ್ತದೆ, ಶೆಡ್ಡಿನ ವೆಲ್ಡಿಂಗ್ ಹಾಗಿರುವುದಿಲ್ಲ. ಬಾಗಿಲಿನ ರಬ್ಬರ್ ಬೀಡಿಂಗ್ ಕಿತ್ತು ನೋಡಿದರೆ ಪಿಲ್ಲರಿನ ಸಾಲು ಕಾಣುತ್ತದೆ. ಎದುರಿನಿಂದ ಲಾರಿ ಗುದ್ದಿದಾಗ ಪ್ರಾಣ ಉಳಿಸುವುದು ಈ ಉಕ್ಕಿನ ಗೂಡು, ಅದು ಒಮ್ಮೆ ಮಡಿಚಿಕೊಂಡಿದ್ದರೆ ಎರಡನೇ ಸಲ ಹೇಗೆ ಮಡಿಚಿಕೊಳ್ಳುತ್ತದೋ ಯಾರೂ ಹೇಳಲಾರರು.

ಏರ್‌ಬ್ಯಾಗಿನ ವಿಷಯದಲ್ಲಿ ನಡೆಯುವುದನ್ನು ಕೇಳಿ ನನಗೆ ನಿಜಕ್ಕೂ ಸಿಟ್ಟು ಬಂತು. ಬಿಚ್ಚಿಕೊಂಡ ಏರ್‌ಬ್ಯಾಗನ್ನು ಹೊಸದಾಗಿ ಹಾಕುವುದು ದುಬಾರಿ. ಹಾಗಾಗಿ ಸ್ಟೀರಿಂಗಿನ ಮೇಲೆ ಮುಚ್ಚಳ ಮಾತ್ರ ಕೂರಿಸಿ ಒಳಗೆ ಏನೂ ಇಡದ ಗಾಡಿಗಳಿವೆ. ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗಿನ ಕೆಂಪು ದೀಪ ಕೆಲವು ಸೆಕೆಂಡು ಹತ್ತಿ ಆರಬೇಕು. ಹತ್ತಿಯೇ ಇದ್ದರೆ ದೋಷ. ಹತ್ತಲೇ ಇಲ್ಲ ಅಂದರೆ ದೀಪವನ್ನೇ ಕಿತ್ತಿದ್ದಾರೆ. ಬ್ಯಾಗಿನ ಜಾಗದಲ್ಲಿ ಪುಟ್ಟ ರೆಸಿಸ್ಟರ್ ಇಟ್ಟರೆ ದೀಪ ಸರಿಯಾಗಿಯೇ ಹತ್ತಿ ಆರುತ್ತದೆ, ಆದ್ದರಿಂದ ದೀಪ ಒಂದನ್ನೇ ನಂಬುವಂತಿಲ್ಲ. ಸ್ಕ್ಯಾನರ್ ಹಾಕಿಸಬೇಕು, ಸ್ಟೀರಿಂಗ್ ಬಿಚ್ಚಿಸಿ ಕಣ್ಣಾರೆ ನೋಡಬೇಕು, ಬಿಲ್ ಕೇಳಬೇಕು. 2019ರ ಜುಲೈ 1ರಿಂದ ಎಲ್ಲ ಹೊಸ ಕಾರಿಗೂ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯವಾಯಿತು. ಆ ನಿಯಮ ಉಳಿಸಬೇಕೆಂದ ಜೀವವನ್ನು ಹತ್ತು ರೂಪಾಯಿಯ ರೆಸಿಸ್ಟರ್ ಇಟ್ಟು ಮಾರುವುದು ವ್ಯಾಪಾರವಲ್ಲ. ನಾನು ಕೊಂಡ ಗಾಡಿಗೂ ಹೊಸ ಬ್ಯಾಗ್ ಹಾಕಿರಲಿಲ್ಲ. ಬೆಲೆಯಲ್ಲಿ ಚೌಕಾಸಿ ಮಾಡಿ 2,15,000ಕ್ಕೆ ಇಳಿಸಿದೆ, ಎರಡು ಬ್ಯಾಗು, ಅದರ ಮಾಡ್ಯೂಲು, ಬಿಗಿದು ಕೂತಿದ್ದ ಮುಂದಿನ ಸೀಟ್ ಬೆಲ್ಟುಗಳನ್ನು ಸರ್ವಿಸ್ ಸೆಂಟರಿನಲ್ಲೇ ಹೊಸದಾಗಿ ಹಾಕಿಸಿದೆ. ಅದಕ್ಕೆ ಅರವತ್ತು ಸಾವಿರದ ಹತ್ತಿರ ಆಯಿತು. ಅಮ್ಮ ಕೂರುವುದು ಮುಂದಿನ ಸೀಟಿನಲ್ಲಿ.

ಅಷ್ಟಕ್ಕೆ ಒಟ್ಟು 2,75,000. ಅಪಘಾತವಿಲ್ಲದ ಅದೇ ಮಾಡೆಲ್ಲು 3,40,000ಕ್ಕೆ ಸಿಗುತ್ತಿತ್ತು. ಉಳಿದದ್ದು ಅರವತ್ತೈದು ಸಾವಿರ. ಮುಂದೆ ಮಾರುವಾಗ ಅದರಲ್ಲಿ ಬಹುಪಾಲು ಹೋಗುತ್ತದೆ ಎಂದೇ ಲೆಕ್ಕ ಹಾಕಿದ್ದೇನೆ. ನೆಟ್ಟಗೆ ರಿಪೇರಿ ಮಾಡಿಸಿದರೆ ಟೋಟಲ್ ಲಾಸ್ ಗಾಡಿಯಲ್ಲಿ ಸಿಗುವ ಲಾಭ ಇಷ್ಟೇ. ಒಂದು ಲಕ್ಷಕ್ಕಿಂತ ಹೆಚ್ಚು ಉಳಿಯುತ್ತದೆ ಅಂತ ಯಾರಾದರೂ ಹೇಳಿದರೆ ಏನನ್ನು ಹಾಕದೆ ಬಿಟ್ಟಿದ್ದಾರೆ ಎಂದು ಹುಡುಕಿ.

ಕಾಗದದ ಕೆಲಸಕ್ಕೆ ಬಂದರೆ, ಮೊದಲು ಚಾಸಿ ನಂಬರು. ವರ್ಗಾವಣೆಯ ಫಾರಂ 30ಕ್ಕೆ ಪೆನ್ಸಿಲ್ ಉಜ್ಜಿ ಚಾಸಿ ಪ್ರಿಂಟ್ ತೆಗೆಯುತ್ತೇವಲ್ಲ, ಅದನ್ನು ಹಣ ಕೊಡುವ ಮುಂಚೆಯೇ ತೆಗೆಸಿ ಆರ್‌ಸಿಗೆ ತಾಳೆ ನೋಡಬೇಕು. ಕಾರಣ ಇದೆ. ಟೋಟಲ್ ಲಾಸ್ ಗಾಡಿಯನ್ನು ಕೇವಲ ಅದರ ಆರ್‌ಸಿಗಾಗಿ ಕೊಂಡು, ಆ ಚಾಸಿ ನಂಬರನ್ನು ಕದ್ದ ಗಾಡಿಗೆ ಹಾಕಿ ಮಾರುವ ದಂಧೆ ಇದೆ. 2020ರಲ್ಲಿ ಲಖನೌ ಪೊಲೀಸರು ಭೇದಿಸಿದ ದೊಡ್ಡ ಜಾಲ ಮಾಡುತ್ತಿದ್ದದ್ದು ಇದನ್ನೇ. ನಂಬರಿನ ಸುತ್ತ ಹೊಸ ಬಣ್ಣ, ಗ್ರೈಂಡರ್ ಆಡಿದ ಗುರುತು, ತಗಡಿನ ತೇಪೆ ಇದ್ದರೆ ಅಲ್ಲಿಂದ ಎದ್ದು ಬನ್ನಿ. ಅದೇ ಚಾಸಿ ನಂಬರು ಕೊಟ್ಟು ಸರ್ವಿಸ್ ಸೆಂಟರಿನಲ್ಲಿ ಹಳೆಯ ಸರ್ವಿಸ್ ದಾಖಲೆ ಕೇಳಬೇಕು. ಹಳೆಯ ಪಾಲಿಸಿಯನ್ನೂ ನೋಡಬೇಕು. ಕ್ಲೇಮ್ ಇಲ್ಲದ ವರ್ಷಗಳಿಗೆ ಸಿಗುವ ರಿಯಾಯಿತಿ ಶೇ 20ರಿಂದ ಶುರುವಾಗಿ ಶೇ 50ರವರೆಗೂ ಏರುತ್ತದೆ. ಒಬ್ಬರೇ ಮಾಲೀಕರ ಆರು ವರ್ಷದ ಗಾಡಿಗೆ ಆ ಜಾಗದಲ್ಲಿ ಸೊನ್ನೆ ಇದ್ದರೆ ಹಿಂದಿನ ವರ್ಷ ಏನು ಕ್ಲೇಮ್ ಆಯಿತು ಎಂದು ಕೇಳಿ.

ಬ್ರೋಕರುಗಳು ಸಹಿ ಮಾಡಿದ ಖಾಲಿ ಫಾರಂ 29, 30 ಕೈಗಿಟ್ಟು ‘ನಿಧಾನಕ್ಕೆ ಮಾಡಿಸ್ಕೊಳಿ’ ಅನ್ನುತ್ತಾರೆ. ನಿಧಾನ ಮಾಡಬಾರದು. ಗಾಡಿ ಯಾರ ಹೆಸರಲ್ಲಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೊಂಡವನಿಗೂ ಕಷ್ಟ ಇದೆ. ಪಾಲಿಸಿಯನ್ನು 14 ದಿನದೊಳಗೆ ತನ್ನ ಹೆಸರಿಗೆ ಮಾಡಿಸಿಕೊಳ್ಳದಿದ್ದರೆ ಸ್ವಂತ ಗಾಡಿಯ ನಷ್ಟಕ್ಕೆ ಕ್ಲೇಮ್ ಸಿಗುವುದಿಲ್ಲ. 2023ರ ಏಪ್ರಿಲ್‌ನಿಂದ ಹಳೆ ಗಾಡಿ ವ್ಯಾಪಾರಿಗಳು ಸಾರಿಗೆ ಇಲಾಖೆಯಿಂದ ಅಧಿಕೃತ ಪತ್ರ ಪಡೆದು, ಮಾರುವವರೆಗೂ ಗಾಡಿಯ ಹೊಣೆ ಹೊರಬೇಕೆಂಬ ನಿಯಮ ಬಂದಿದೆ. ಹಾಗಾಗಿ ಆ ಪತ್ರ ಇದೆಯೇ ಎಂದು ಕೇಳುವ ಹಕ್ಕು ನಮಗಿದೆ. ನನ್ನ ಗಾಡಿಯನ್ನು ರಾಮನಗರದ ಆರ್‌ಟಿಒದಲ್ಲಿ ಹೆಸರಿಗೆ ಮಾಡಿಸಿದ ಮೇಲೆ ಫುಲ್ ಇನ್ಶೂರೆನ್ಸಿಗೆ ಒಂದು ಕಂಪನಿ ಆಗುವುದಿಲ್ಲ ಅಂದಿತು, ಇನ್ನೊಂದು ಗಾಡಿ ಪರೀಕ್ಷೆ ಮಾಡಿ ಒಪ್ಪಿತು.

ನನ್ನ ತಕರಾರು ಇರುವುದು ಒಂದೇ ವಿಷಯಕ್ಕೆ. ಪೂರ್ತಿ ನಾಶವಾದ, ಮತ್ತೆ ಬಳಸಲಾಗದ ಗಾಡಿಯ ನೋಂದಣಿಯನ್ನು ರದ್ದು ಮಾಡಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಹೇಳುತ್ತದೆ. ರಿಪೇರಿ ಆಗಿ ರಸ್ತೆಗೆ ಮರಳುವ ಗಾಡಿಯ ಆರ್‌ಸಿ ಮೇಲೆ ಮಾತ್ರ ಒಂದು ಅಕ್ಷರವೂ ಬೀಳುವುದಿಲ್ಲ. ಬ್ರಿಟನ್ನಿನಲ್ಲಿ 2017ರಿಂದ ಇಂಥ ಗಾಡಿಗಳಿಗೆ ಎ, ಬಿ, ಎಸ್, ಎನ್ ಎಂದು ವರ್ಗ ಮಾಡಿದ್ದಾರೆ. ಎಸ್ ಅಂದರೆ ಗೂಡಿಗೇ ಪೆಟ್ಟು ಬಿದ್ದದ್ದು, ಎನ್ ಅಂದರೆ ಗೂಡು ಉಳಿದದ್ದು. ಅಮೆರಿಕದ ರಾಜ್ಯಗಳು ಮಾಲೀಕತ್ವದ ಪತ್ರದಲ್ಲೇ ‘ಸಾಲ್ವೇಜ್’ ಎಂದು ನಮೂದಿಸುತ್ತವೆ. ನಮ್ಮಲ್ಲಿ ಸಾಲದ ಬ್ಯಾಂಕಿನ ಹೆಸರು ಆರ್‌ಸಿಯಲ್ಲಿ ಇರುತ್ತದೆ, ಎಷ್ಟನೇ ಮಾಲೀಕ ಎಂಬುದೂ ಇರುತ್ತದೆ, ಗಾಡಿ ನೀರಲ್ಲಿ ಮುಳುಗಿತ್ತು ಎಂಬುದು ಇರುವುದಿಲ್ಲ. ನಷ್ಟ ಅಳೆಯುವ ವಿಮಾ ಸರ್ವೇಯರರ ವರದಿಯಲ್ಲಿ ಅದು ಬರೆದಿದೆ, ವಿಮಾ ಕಂಪನಿಯ ಕಡತದಲ್ಲಿ ಇದೆ. ಹಣ ಕೊಡುವವನ ಕೈಗೆ ಸಿಗುವುದಿಲ್ಲ ಅಷ್ಟೇ. ಎಲ್ಲರಿಗೂ ನಮ್ಮ ಮೇಸ್ತ್ರಿಯಂಥವರ ಪರಿಚಯ ಇರುವುದಿಲ್ಲ.

ನನ್ನ ಗಾಡಿಯ ಸರ್ವೇ ವರದಿ, ಸಾಲ್ವೇಜ್ ಮಾರಾಟದ ಪತ್ರ, ಗುದ್ದಿದಾಗಿನ ಫೋಟೊ, ಏರ್‌ಬ್ಯಾಗ್ ಬಿಲ್ಲು ಎಲ್ಲವನ್ನೂ ಒಂದು ಫೈಲಿಗೆ ಹಾಕಿದ್ದೇನೆ. ಈ ಗಾಡಿ ಮಾರುವಾಗ ಕೊಳ್ಳುವವರು ಕೇಳದಿದ್ದರೂ ಅದನ್ನು ಮೊದಲು ಮುಂದಿಡುತ್ತೇನೆ, ಆಮೇಲೆ ಬೆಲೆ ಮಾತಾಡುತ್ತೇನೆ.